ಬಾಸಿಂಗದ ಮೇಜು

ಕೆಲಮಂಗಲದ ಸುತ್ತಮುತ್ತ ಯಾವ ಮದುವೆಗೆ ಹೋದರೂ ಸರಿ, ಹೆಣ್ಣಿನ ಹಣೆಯ ಬಾಸಿಂಗದಲ್ಲಿ ಎರಡು ಗಿಣಿಗಳ ನಡುವೆ ಪುಟ್ಟ ಕನ್ನಡಿ ಮಿಂಚಿತೆಂದರೆ ಅದು ನಾರಾಯಣಮ್ಮನ ಕೈಕೆಲಸವೇ. ಯಾರು ಮಾಡಿದ್ದು ಅಂತ ಯಾರಾದರೂ ಕೇಳಿದರೆ ನಾರಾಯಣಮ್ಮನಿಗೆ ಬೇಜಾರಾಗುತ್ತಿತ್ತು, ಅಷ್ಟೂ ಗೊತ್ತಾಗುವುದಿಲ್ಲವೇ ಇವರಿಗೆ ಅಂತ. ಕೇಳದೆ ಹೋದರೆ ಇನ್ನೂ ಬೇಜಾರು.

ಬೆಂಡನ್ನು ಹದವಾಗಿ ಸೀಳಿ, ರಟ್ಟಿನ ಮೇಲೆ ಅಂಟಿಸಿ, ಜರಿ ಕಾಗದ ಹೊದಿಸಿ, ಅಂಚಿಗೆ ಮಣಿಸರ ಇಳಿಬಿಡುವ ಈ ವಿದ್ಯೆ ಅವರಿಗೆ ತಾಯಿಯಿಂದ ಬಂದದ್ದು. ವಿದ್ಯೆಯೇನೋ ಅಚ್ಚುಕಟ್ಟು. ಸಾಮಾನು ಮಾತ್ರ ದಿಕ್ಕಾಪಾಲು. ಬೆಂಡು ಅಟ್ಟದ ಮೇಲೆ, ಮಣಿ ಬಿಸ್ಕತ್ತಿನ ಡಬ್ಬಿಯಲ್ಲಿ, ಕನ್ನಡಿ ಚೂರು ಅಡುಗೆಮನೆಯ ಸಾಸಿವೆ ಪಕ್ಕ, ಕತ್ತರಿ ಎಲ್ಲಿದೆಯೋ ದೇವರೇ ಬಲ್ಲ. ಕೆಲಸಕ್ಕೆ ಕೂತರೆಂದರೆ ಇಷ್ಟನ್ನೂ ಚಾಪೆಯ ಸುತ್ತ ಹರಡಿಕೊಂಡು, ಒಳಕೋಣೆಯ ಬಾಗಿಲಿಗೆ ಚಿಲಕ ಜಡಿದುಕೊಳ್ಳುತ್ತಿದ್ದರು. ಯಾಕಮ್ಮ ಚಿಲಕ ಅಂದರೆ, "ಕಣ್ಣು ಬೀಳ್ತದೆ, ಹೋಗ್ರೋ" ಅಂತ ಒಳಗಿನಿಂದಲೇ ಗದರುವುದು.

ಹೀಗಿರುವಾಗ ಅವರ ಮಂಡಿ ಕೈಕೊಟ್ಟಿತು. ಹೊಸೂರಿನ ಡಾಕ್ಟರು ಫೋಟೋ ತೆಗೆಸಿ ನೋಡಿ, ಇನ್ನು ನೆಲದ ಮೇಲೆ ಕೂರಲೇ ಕೂಡದು ಅಂದುಬಿಟ್ಟರು. ಆ ಸುದ್ದಿ ಬೇರಿಕೆಗೆ ಮುಟ್ಟಲು ಹೊತ್ತು ಬೇಕಾಗಲಿಲ್ಲ. ಬೇರಿಕೆಯಲ್ಲಿರುವುದು ತಮ್ಮ ರಾಮಚಂದ್ರಪ್ಪ. ಅವನ ಮಗಳು ಚಂದ್ರಲೇಖಾಳಿಗೆ ಮದುವೆ ಗೊತ್ತಾಗಿತ್ತು. ಅವನ ಹೆಂಡತಿ ಅಶ್ವತ್ಥಮ್ಮ ಫೋನು ಮಾಡಿದಳು.

"ಅತ್ತಿಗೆ, ನೀವು ಮಂಡಿ ನೋಯಿಸ್ಕಬೇಡಿ. ಬಾಸಿಂಗ ಹೊಸೂರಲ್ಲಿ ರೆಡಿಮೇಡು ಸಿಕ್ತದೆ. ಬೆಂಡಿಂದೇನೂ ಅಲ್ಲ, ಪ್ಲಾಸ್ಟಿಕ್ಕು. ಮಳೇಲಿ ನೆಂದ್ರೂ ಏನೂ ಆಗಕಿಲ್ವಂತೆ."

"ತಕ್ಕೋ ತಾಯಿ, ನಿಂಗೆ ಹೆಂಗೆ ಅನುಕೂಲನೋ ಹಂಗೆ," ಅಂದು ನಾರಾಯಣಮ್ಮ ಫೋನಿಟ್ಟರು. ಆಮೇಲೆ ಅನ್ನ ಸೇರಲಿಲ್ಲ. ತಮ್ಮನ ಮನೆಯ ಹೆಣ್ಣುಮಗುವಿನ ಹಣೆಗೆ ಪ್ಲಾಸ್ಟಿಕ್ಕು! ತಾವು ಬದುಕಿರುವಾಗಲೇ! ತಟ್ಟೆ ಸರಿಸಿ ಕೂತವರ ಕಣ್ಣಲ್ಲಿ ನೀರು ಬಂತು. ಕೈಯಲ್ಲಿ ಇದೊಂದೂ ಹೋದ ಮೇಲೆ ತಾನು ಯಾರು ಅನ್ನುವುದೇ ಅವರಿಗೆ ಹೊಳೆಯಲಿಲ್ಲ.

ಅದನ್ನು ನೋಡಿದವಳು ಸೊಸೆ ಶಶಿಕಲಾ. ಮೂಕಂಡಪಲ್ಲಿಯ ಒಂದು ಕಾರ್ಖಾನೆಯ ಡಿಸೈನ್ ಸೆಕ್ಷನ್ನಿನಲ್ಲಿ ಅವಳ ಕೆಲಸ. ಮಿಷನ್ನಿನ ಮೇಲೆ ಬಿಡಿಭಾಗ ಅಲುಗದ ಹಾಗೆ ಹಿಡಿದುಕೊಳ್ಳುವ ಹಿಡಿಕೆಗಳನ್ನು ಕಂಪ್ಯೂಟರಿನಲ್ಲಿ ಬರೆಯುವುದು. ಅವಳು ಅತ್ತೆಯ ಎದುರು ಬಂದು ಕೂತು, "ಅತ್ತೆ, ನೆಲ ಬ್ಯಾಡ ಅಂದವ್ರೆ ಡಾಕ್ಟ್ರು. ಬಾಸಿಂಗ ಬ್ಯಾಡ ಅಂದಿಲ್ವಲ್ಲ," ಅಂದಳು. "ನಿಮಗೊಂದು ಮೇಜು ಮಾಡ್ಕೊಡ್ತೀನಿ. ಬೇರಿಕೆಗೆ ಫೋನ್ ಮಾಡಿ, ಏನೂ ಕೊಂಡ್ಕಬೇಡ ಅನ್ನಿ."

"ಮೇಜಿನ ಮೇಲೆ ಯಾವಳೇ ಬಾಸಿಂಗ ಮಾಡಿರೋಳು? ಅದೇನು ಆಫೀಸು ಕೆಲ್ಸನಾ?" ಅಂದರು ನಾರಾಯಣಮ್ಮ. ಅಂದರೂ ಫೋನು ಮಾಡಿದರು.

ಭಾನುವಾರ ಶಶಿಕಲಾ ಟೇಪು ಹಿಡಿದು ಕೂತಳು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಮೊಣಕೈ ಎತ್ತರ ಅಳೆದಳು. ಕೈ ಚಾಚಿಸಿ ಎಲ್ಲಿಯವರೆಗೆ ಸಿಗುತ್ತದೆ ಅಂತ ನೋಡಿದಳು. ಮೊದಲು ಏನು ತಗೋತೀರಿ, ಯಾವ ಕೈಲಿ, ಆಮೇಲೆ ಅದನ್ನು ಎಲ್ಲಿ ಇಡ್ತೀರಿ, ಬೆಳಕು ಯಾವ ಕಡೆಯಿಂದ ಬೇಕು, ಅಂಟು ಒಣಗುವವರೆಗೆ ಏನು ಮಾಡ್ತೀರಿ? ನಾರಾಯಣಮ್ಮನಿಗೆ ಹಿಗ್ಗೋ ಹಿಗ್ಗು. ಇಷ್ಟು ವರ್ಷ ಹೋಳಿಗೆ ಎಷ್ಟು, ಸಾರಿಗೆ ಉಪ್ಪೆಷ್ಟು ಅಂತ ಕೇಳಿದವರುಂಟೇ ಹೊರತು, ಬೆಂಡನ್ನು ಯಾವ ಕಡೆಯಿಂದ ಸೀಳುತ್ತೀರಿ ಅಂತ ಕೇಳಿದವರೇ ಇಲ್ಲ. ಎಲ್ಲವನ್ನೂ ಹೇಳಿದರು, ಕೈಯಾಡಿಸಿ ತೋರಿಸಿಯೂ ಕೊಟ್ಟರು.

ಒಂದನ್ನು ಬಿಟ್ಟು.

ಮಣಿಸರ ಪೋಣಿಸುವಾಗ ದಾರದ ಒಂದು ತುದಿಯನ್ನು ಅವರು ಬಲಗಾಲಿನ ಹೆಬ್ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಕಾಲು ನೀಡಿದರೆ ದಾರ ಬಿಗಿ, ಬೆರಳು ಬಗ್ಗಿಸಿದರೆ ಸಡಿಲ. ಮಣಿ ಮಣಿಗೂ ನಡುವೆ ಗಂಟು ಕೂರಬೇಕಾದರೆ ಈ ಬಿಗಿ ಸಡಿಲ ಬೇಕೇ ಬೇಕು. ಅವರ ತಾಯಿಯೂ ಹೀಗೆಯೇ ಮಾಡುತ್ತಿದ್ದುದು, ಅವರೂ ಚಿಲಕ ಹಾಕಿಕೊಂಡೇ. ಕಣ್ಣು ಬೀಳುವುದೆಲ್ಲ ನೆಪ. ದೇವರ ಮುಂದಿಟ್ಟು ಪೂಜೆ ಮಾಡಿ ಹಣೆಗೆ ಕಟ್ಟುವ ಬಾಸಿಂಗ ಕಾಲಬೆರಳಿಗೆ ಸುತ್ತಿದ ದಾರದ್ದು ಅಂತ ಊರಿಗೆ ಗೊತ್ತಾದರೆ ಯಾರಾದರೂ ಕಟ್ಟಿಸಿಕೊಂಡಾರೆಯೇ? ಅದರಲ್ಲೂ ಸೊಸೆಗೆ ಹೇಳುವುದೇ? ಇವಳ ಹಣೆಗೂ ಅದನ್ನೇ ಕಟ್ಟಿಸಿದ್ದಾಯಿತಲ್ಲ! ನಾರಾಯಣಮ್ಮ ಆ ಮಾತನ್ನು ನುಂಗಿಕೊಂಡರು.

ಕೆಲಮಂಗಲದ ಚಿನ್ನಪ್ಪ ಆಚಾರಿ, ಶಶಿಕಲಾ ಬರೆದುಕೊಟ್ಟ ನಕ್ಷೆಯನ್ನು ತಲೆಕೆಳಗೆ ಮಾಡಿ ನೋಡಿ, "ಪಣ್ಣಲಾಂ, ಮಾಡ್ಬೋದು," ಅಂತ ತಮಿಳು ಕನ್ನಡ ಎರಡರಲ್ಲೂ ಅಂದ. ಅಟ್ಟದ ಮೇಲಿದ್ದ ಹಳೆಯ ಹಲಸಿನ ಹಲಗೆಗಳನ್ನೇ ಇಳಿಸಿ ಕೆಲಸ ಹಿಡಿದ. ಮೇಜು ಬಂದು ಒಳಕೋಣೆಯ ಕಿಟಕಿಯ ಕೆಳಗೆ ಕೂತ ದಿನ ಅಕ್ಕಪಕ್ಕದವರೆಲ್ಲ ನೋಡಲು ಬಂದರು. ನಡುವೆ ಎದೆಯ ಕಡೆಗೆ ಓರೆಯಾಗಿ ಎತ್ತಬಹುದಾದ ಹಲಗೆ, ಬಗ್ಗಿ ಬಗ್ಗಿ ಕತ್ತು ನೋಯದ ಹಾಗೆ. ಮಣಿ ಉರುಳಿ ಬೀಳದಂತೆ ಸುತ್ತಲೂ ಅಂಚು. ಬಲಗೈ ಕೆಳಗೆ ತೆಳ್ಳನೆಯ ಸೆಳೆಖಾನೆ, ಅದರೊಳಗೆ ಮಸಾಲೆ ಡಬ್ಬಿಯ ಹಾಗೆ ಗೂಡುಗಳು, ಕೆಂಪು ಮಣಿಗೊಂದು, ಮುತ್ತಿಗೊಂದು, ಕನ್ನಡಿಗೊಂದು. ಎಡಗಡೆ ಜರಿ ಕಾಗದ ಮಡಿಕೆ ಬೀಳದೆ ಮಲಗುವ ಅಗಲದ ಖಾನೆ. ಎದುರು ಹಲಗೆಯ ಮೇಲೆ ಕತ್ತರಿಯ ಆಕಾರವನ್ನೇ ಬರೆದು ಮೊಳೆ ಹೊಡೆದಿತ್ತು, ಕತ್ತರಿ ಇಲ್ಲದಿದ್ದರೆ ಅದರ ಜಾಗವೇ ಕೂಗಿ ಹೇಳಬೇಕು ಅಂತ.

ನಾರಾಯಣಮ್ಮ ಮೇಜಿಗೆ ಅರಿಶಿನ ಕುಂಕುಮ ಇಟ್ಟು ಕೆಲಸಕ್ಕೆ ಕೂತರು. ಈ ಸಲ ಬೆಂಡಿನ ಕೆಲಸ ಅವರ ಕೈಯಲ್ಲಿ ಹಿಂದೆಂದೂ ಬರದಷ್ಟು ಚೆನ್ನಾಗಿ ಬಂತು. ಗಿಣಿಗಳ ಕೊಕ್ಕು ಸೂಜಿ ಮೊನೆಯಂತೆ, ಕನ್ನಡಿ ನೇರ ನಡುವಿನಲ್ಲಿ. ಕತ್ತರಿ ಹುಡುಕಲು ಒಂದು ಸಲವೂ ಏಳಲಿಲ್ಲ. ಮಗ ಕುಮಾರೇಶ್ ಡ್ಯೂಟಿ ಮುಗಿಸಿ ಬಂದವನು, "ಏನಮ್ಮ, ಮ್ಯಾನೇಜರ್ ಥರ ಕುಂತಿದ್ದೀಯ," ಅಂದ. "ಹೂಂ ಕಣ್ಲಾ, ಕಾಲು ಒರೆಸ್ಕಂಡು ಒಳಗೆ ಬಾ," ಅಂದರು ಅವರು.

ಮಣಿಸರದ ಹೊತ್ತು ಬಂದಾಗ ಎಲ್ಲ ಕೆಟ್ಟಿತು. ದಾರದ ತುದಿಯನ್ನು ಸೆಳೆಖಾನೆಯ ಗುಂಡು ಹಿಡಿಗೆ ಕಟ್ಟಿದರು. ಎಳೆದರೆ ಸೆಳೆಖಾನೆಯೇ ಹೊರಬಂತು, ಮುತ್ತೆಲ್ಲ ಚೆಲ್ಲಿತು. ಹಲ್ಲಿನಲ್ಲಿ ಕಚ್ಚಿ ನೋಡಿದರು, ದಾರ ಎಂಜಲಾಯಿತು, ಅದನ್ನು ಎಸೆದರು. ಕತ್ತರಿಯ ಮೊಳೆಗೆ ಕಟ್ಟಿದರೆ ದಾರ ಬಿಗಿಯಾಗಿಯೇ ನಿಂತಿತು, ಸಡಿಲವಾಗುವ ಮಾತೇ ಇಲ್ಲ, ಗಂಟು ಹಾಕುವುದು ಹೇಗೆ? ದಿನ ಕಳೆಯುತ್ತಿತ್ತು. "ಅತ್ತೆ, ಆಯ್ತಾ?" ಅಂತ ಶಶಿಕಲಾ ದಿನಾ ಕೇಳುವಳು. "ಆಗ್ತಾ ಐತೆ," ಅನ್ನುವರು. ಇಷ್ಟು ಆಸೆಯಿಂದ ಮಾಡಿಕೊಟ್ಟ ಮೇಜಿನಲ್ಲಿ ಕೊರತೆಯಿದೆ ಅನ್ನಲು ಬಾಯಿ ಬಾರದು. ಕೊರತೆ ಯಾಕೆ ಬಂತು ಅಂತ ಹೇಳಲು ಮೊದಲೇ ಬಾಯಿ ಬಾರದು.

ಕೊನೆಗೆ ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಚಿಲಕ ಹಾಕಿ ಚಾಪೆ ಹಾಸಿದರು. ಗೋಡೆ ಹಿಡಿದು, ಹಲ್ಲುಕಚ್ಚಿ, ನೆಲಕ್ಕೆ ಇಳಿದರು. ಕಾಲು ನೀಡಿ ಹೆಬ್ಬೆರಳಿಗೆ ದಾರ ಸುತ್ತಿದ್ದೇ ತಡ, ಕೈ ತಾನಾಗಿ ಓಡತೊಡಗಿತು. ಸರದ ಮೇಲೆ ಸರ ಇಳಿಯಿತು. ಆ ಸಂತೋಷದಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ. ಏಳೋಣ ಅಂದರೆ ಮಂಡಿ ಹಿಡಿದುಕೊಂಡುಬಿಟ್ಟಿತ್ತು.

ಕಂಪನಿ ಬಸ್ಸಿಳಿದು ಬಂದ ಶಶಿಕಲಾ ಒಳಕೋಣೆಯ ಬಾಗಿಲು ತಟ್ಟಿದಳು. "ಅತ್ತೆ?" ಚಿಲಕ ಅಲುಗಲಿಲ್ಲ. ಗಾಬರಿಯಾಗಿ ಮನೆ ಸುತ್ತಿ ಹಿತ್ತಿಲ ಕಿಟಕಿಗೆ ಬಂದಳು. ಮೇಜಿನಾಚೆ ನೆಲದ ಮೇಲೆ ಅತ್ತೆ, ನೀಡಿದ ಕಾಲು, ಹೆಬ್ಬೆರಳಿನಿಂದ ಕೈಯವರೆಗೆ ಮುತ್ತಿನ ಸರ.

ನಾರಾಯಣಮ್ಮ ಸೆರಗನ್ನು ಕಾಲ ಮೇಲೆ ಎಳೆದುಕೊಂಡರು. ತೆವಳಿಕೊಂಡು ಹೋಗಿ ಕೋಲಿನಲ್ಲಿ ಚಿಲಕ ತಳ್ಳಿದರು. ಸೊಸೆ ಒಳಬಂದು ಅವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸುವವರೆಗೂ ತಲೆ ಎತ್ತಲಿಲ್ಲ.

"ನಿನ್ನ ಬಾಸಿಂಗಾನೂ ಹಿಂಗೇ ಮಾಡಿದ್ದು ಕಣಮ್ಮ," ಅಂದರು. "ನಮ್ಮವ್ವನೂ ಹಿಂಗೇ. ಬಯ್ಯೋದಾದ್ರೆ ಬಯ್ದುಬುಡು."

ಶಶಿಕಲಾ ಬಯ್ಯಲಿಲ್ಲ. ಕಾಲ ಬಳಿ ಕೂತು ಆ ಹೆಬ್ಬೆರಳನ್ನೇ ನೋಡಿದಳು. ದಾರ ಕೂತು ಕೂತು ಅದರ ಬುಡದಲ್ಲಿ ಸಣ್ಣದೊಂದು ಗೀರು ಬಿದ್ದಿತ್ತು. ಅವಳು ಚೀಲದಿಂದ ಟೇಪು ತೆಗೆದು ಬೆರಳಿನ ಸುತ್ತಳತೆ ಅಳೆದಳು.

"ಬಗ್ಗಿಸಿ ಅತ್ತೆ. ಈಗ ನೀಡಿ." ಮತ್ತೆ ಅಳೆದಳು. "ಎರಡು ಕೈ ಅಂತ ಲೆಕ್ಕ ಹಾಕಿ ಡ್ರಾಯಿಂಗ್ ಮಾಡ್ಬುಟ್ಟಿದ್ದೆ. ನಿಮಗೆ ಮೂರು ಅವೆ. ನಾನು ಕಂಪನೀಲಿ ದಿನಾ ಬರೆಯೋದೂ ಇದನ್ನೇ, ಹಿಡ್ಕಳೋದು ಬಿಡೋದು. ನಮ್ಮನೇಲೇ ಇದ್ದಿದ್ದು ಕಾಣ್ಲಿಲ್ಲ ನೋಡಿ."

ನಾರಾಯಣಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಇಷ್ಟು ವರ್ಷ ಸೆರಗಿನಡಿ ಮುಚ್ಚಿಟ್ಟ ಕಾಲನ್ನು ಈ ಹುಡುಗಿ ಮಿಷನ್ನು ನೋಡುವಷ್ಟು ಮರ್ಯಾದೆಯಿಂದ ನೋಡುತ್ತಿದ್ದಳು.

ಚಿನ್ನಪ್ಪ ಆಚಾರಿ ಮತ್ತೆ ಬಂದ. ಹಲಸಿನ ತುಂಡಿನಲ್ಲಿ ಹೆಬ್ಬೆರಳಿನ ಗಾತ್ರದ, ತುದಿ ಕೊಂಚ ಬಾಗಿದ ಗೂಟ ಕಡೆದು, ಬುಡದಲ್ಲಿ ದಾರ ಕೂರಲು ಗೀರು ತೆಗೆದ. ಮೇಜಿನ ಆಚೆ ತುದಿಯಲ್ಲಿ ಅದನ್ನು ಕೂರಿಸಿ, ಕೆಳಗೆ ಹೊಲಿಗೆ ಮಿಷನ್ನಿಗಿರುವಂಥ ಮೆಟ್ಟುಹಲಗೆಗೆ ಹಗ್ಗದಿಂದ ಜೋಡಿಸಿದ. ಮೆಟ್ಟಿದರೆ ಗೂಟ ಹಿಂದಕ್ಕೆ ವಾಲಿ ದಾರ ಬಿಗಿ, ಬಿಟ್ಟರೆ ಮುಂದಕ್ಕೆ ಬಂದು ಸಡಿಲ. ಮಂಡಿ ಬಗ್ಗಬೇಕಿಲ್ಲ, ಪಾದ ಅಲುಗಿದರೆ ಸಾಕು. ನಾರಾಯಣಮ್ಮ ಒಂದು ಸರ ಪೋಣಿಸಿದರು, ಎರಡನೆಯದಕ್ಕೆ ಕೈಯೂ ಕಾಲೂ ಹೊಂದಿಕೊಂಡವು. ಆ ವಾರ ಒಳಕೋಣೆಯ ಬಾಗಿಲು ಹಾರುಹೊಡೆದಿತ್ತು.

ಬೇರಿಕೆಯ ಮದುವೆಯಲ್ಲಿ ಚಂದ್ರಲೇಖಾ ತಲೆ ತಿರುಗಿಸಿದಾಗಲೆಲ್ಲ ಮುತ್ತಿನ ಸರಗಳು ಒಂದೇ ಸಮ ತೂಗಿದವು. ಒಂದು ಗಂಟೂ ಜಾರಲಿಲ್ಲ. ಗಂಡಿನ ಕಡೆಯವರು ಬಾಸಿಂಗ ಎಲ್ಲಿಂದ ತರಿಸಿದಿರಿ ಅಂತ ಕೇಳಿದರೆ, ಅಶ್ವತ್ಥಮ್ಮ ತಾನೇ ಮಾಡಿದವಳ ಹಾಗೆ, "ತರ್ಸೋದೇನು, ನಮ್ಮ ಮನೇದು," ಅನ್ನುತ್ತಿದ್ದಳು. ಪ್ಲಾಸ್ಟಿಕ್ಕಿನ ಮಾತು ಅವಳಿಗೆ ನೆನಪೇ ಇರಲಿಲ್ಲ.

ಮದುವೆಯಾದ ಮೇಲೆ ಹೊಸ ಜೋಡಿಯನ್ನು ಊಟಕ್ಕೆ ಕರೆದಾಗ ಅಶ್ವತ್ಥಮ್ಮನೂ ಜೊತೆಗೆ ಬಂದಳು. ಎಲೆ ಎತ್ತುವ ಮೊದಲೇ ಅವಳಿಗೆ ಮೇಜು ನೋಡುವ ಆತುರ. ನಾರಾಯಣಮ್ಮ ಎಲ್ಲರನ್ನೂ ಒಳಕೋಣೆಗೆ ಕರೆದೊಯ್ದು ಒಂದೊಂದು ಖಾನೆ ಎಳೆದು ತೋರಿಸಿದರು. ಅಶ್ವತ್ಥಮ್ಮ ಗೂಟವನ್ನು ಮುಟ್ಟಿ ನೋಡಿದಳು.

"ಇದೇನು ಅತ್ತಿಗೆ, ಒಳ್ಳೆ ಕಾಲ್ಬೆರಳಿದ್ದಂಗೆ ಐತೆ?"

ಬಾಗಿಲಲ್ಲಿದ್ದ ಶಶಿಕಲಾ, ಏನೋ ಒಂದು ಹೇಳಿ ಮಾತು ತೇಲಿಸೋಣ ಅಂತ ಬಾಯಿ ತೆರೆದಳು. ನಾರಾಯಣಮ್ಮ ಕೈಯೆತ್ತಿ ತಡೆದರು.

"ಅದು ನನ್ನ ಹೆಬ್ಬೆರಳೇ ಕಣಮ್ಮ," ಅಂದರು, ಎಲ್ಲರಿಗೂ ಕೇಳುವ ಹಾಗೆ. "ಇಷ್ಟು ದಿನ ಮಾಡಿದ್ ಬಾಸಿಂಗಕ್ಕೆಲ್ಲ ದಾರ ಹಿಡ್ಕಂಡಿದ್ದು ಇದೇ ಕಾಲು. ನಿನ್ನ ಬಾಸಿಂಗಕ್ಕೂ. ಅದಕ್ಕೇ ಚಿಲಕ ಹಾಕ್ಕೊಂತಿದ್ದೆ. ಈಗ ನನ್ನ ಸೊಸೆ ಅದನ್ನ ಎತ್ತಿ ಮೇಜಿನ ಮೇಲೆ ಕುಂಡ್ರಿಸವಳೆ. ಮುಚ್ಚಿಡಾದು ಇನ್ನೇನೈತೆ?"

ಅಶ್ವತ್ಥಮ್ಮನ ಕೈ ತಾನಾಗಿ ಹಣೆಗೆ ಹೋಯಿತು. ಎಂದೋ ಬಾಸಿಂಗ ಕಟ್ಟಿದ್ದ ಜಾಗವನ್ನು ಒಮ್ಮೆ ಸವರಿಕೊಂಡಳು. ನಾರಾಯಣಮ್ಮ ಎಳೆದಿದ್ದ ಖಾನೆಯನ್ನು ಮೆಲ್ಲಗೆ ಒಳದೂಡಿದರು.

"ಧಾರೆ ಆದ್ಮೇಲೆ ನಿಮ್ಮ ಕಾಲಿಗೆ ಹಣೆ ಮುಟ್ಟಿಸಿ ಎದ್ದೋಳಲ್ವಾ ನಾನು?" ಅಂದಳು ಅಶ್ವತ್ಥಮ್ಮ. "ಹಂಗಾರೆ ಅದಕ್ಕಿಂತ ಮುಂಚೇನೇ ಆ ಕಾಲು ನನ್ನ ಹಣೆ ಮುಟ್ಟಿತ್ತು ಅನ್ನಿ. ಇರ್ಲಿ ಬಿಡಿ, ಒಳ್ಳೇದೇ ಆಗೈತೆ." ಹೇಳುತ್ತಲೇ ಕುರ್ಚಿ ಎಳೆದು ಕೂತು ಮೆಟ್ಟುಹಲಗೆಯ ಮೇಲೆ ಕಾಲಿಟ್ಟು ನೋಡಿದಳು. ಗೂಟ ವಾಲಿತು, ಎದ್ದಿತು.

ನಾರಾಯಣಮ್ಮ ಸೊಸೆಯನ್ನು ತೋಳು ಹಿಡಿದು ಮುಂದಕ್ಕೆ ಎಳೆದುಕೊಂಡರು.

"ಡಿಸೈನ್ ಯಾರ್ದು ಅಂತ ಕೇಳ್ಲೇ ಇಲ್ವಲ್ಲ ನೀನು," ಅಂದರು.