ಚನ್ನುವಿನ ಹೆಸರಿನಲ್ಲಿ ಆಡಿದವನು

ಮರ್ಫಿ ಟೌನಿನ ಮುತ್ತುರಾಜ, ಕಾಲೇಜೊಂದರ ಫುಟ್‌ಬಾಲ್ ಕೋಚ್ ಆಗಿ ಇಪ್ಪತ್ತು ವರ್ಷ ತುಂಬಿದ್ದಕ್ಕೆ 2006ರಲ್ಲಿ ಹಳೆಯ ಆಟಗಾರರು ಸನ್ಮಾನ ಇಟ್ಟುಕೊಂಡರು. ಕರೆಯಬೇಕಾದವರ ಪಟ್ಟಿಯಲ್ಲಿ ಹಳೆಯ ಶಿಷ್ಯ ಅಜ್ಮತ್‌ನ ಹೆಸರಿರಲಿಲ್ಲ. ಯಾಕಿಲ್ಲ ಎಂದು ಕೇಳಲು ಮುತ್ತುರಾಜನಿಗೆ ಬಾಯಿ ಬರಲಿಲ್ಲ.

ಒಂಬತ್ತು ವರ್ಷದ ಹಿಂದೆ, ಅಂತರ ಕಾಲೇಜು ಫೈನಲ್‌ಗೆ ಎರಡೇ ದಿನ ಇರುವಾಗ ಗೋಲು ಹೊಡೆಯುವ ಚನ್ನು ಕಾಲು ಮುರಿದುಕೊಂಡಿದ್ದ. ಅಜ್ಮತ್ ಅವನಿಗಿಂತ ಚೆನ್ನಾಗಿ ಆಡುತ್ತಿದ್ದ, ಆದರೆ ನಪಾಸಾಗಿ ಆ ವರ್ಷ ಕಾಲೇಜು ಬಿಟ್ಟಿದ್ದ. ಮುತ್ತುರಾಜ ಶಿವಾಜಿನಗರದ ಮನೆಗೇ ಹೋಗಿ ಅವನನ್ನು ಕರೆತಂದ. ಚನ್ನುವಿನ ಗುರುತಿನ ಚೀಟಿಗೆ ಅಜ್ಮತ್‌ನ ಫೋಟೊ ಅಂಟಿಸಿದ್ದೂ ಮುತ್ತುರಾಜನೇ.

"ತಪ್ಪಾಗಲ್ವಾ ಸರ್?"

"ನಾನಿದ್ದೀನಲ್ಲೋ!"

ಅಜ್ಮತ್ ಎರಡು ಗೋಲು ಹೊಡೆದ. ಸೋತವರು ದೂರು ಕೊಟ್ಟರು. ವಿಚಾರಣೆಯಲ್ಲಿ ಮುತ್ತುರಾಜನಿಗೆ ತನ್ನ ನೌಕರಿಯೊಂದೇ ಕಣ್ಣಮುಂದೆ ಬಂತು. "ನನಗೇನೂ ಗೊತ್ತಿಲ್ಲ ಸರ್. ಚೀಟಿ ಇವನೇ ತಂದ್ಕೊಟ್ಟ," ಎಂದುಬಿಟ್ಟ. ಪಕ್ಕದಲ್ಲಿದ್ದ ಅಜ್ಮತ್ ಒಮ್ಮೆ ಅವನ ಮುಖ ನೋಡಿ ತಲೆ ತಗ್ಗಿಸಿದ. ಐದು ವರ್ಷ ಆಡುವಂತಿಲ್ಲ ಎಂದು ತೀರ್ಪಾಯಿತು. ಕಾರ್ಖಾನೆಯೊಂದರ ಫುಟ್‌ಬಾಲ್ ತಂಡದಲ್ಲಿ ಅವನಿಗೆ ಸಿಗಲಿದ್ದ ಕೆಲಸವೂ ತಪ್ಪಿತು.

ಸನ್ಮಾನದ ದಿನ ಯಾರೋ ಮೈಕಿನಲ್ಲಿ, "ಶಿಷ್ಯರ ಕೈ ಎಂದೂ ಬಿಡದ ಗುರು" ಎಂದರು. ಚಪ್ಪಾಳೆ ಮುಗಿಯುವವರೆಗೂ ಮುತ್ತುರಾಜ ನೆಲ ನೋಡುತ್ತ ನಿಂತಿದ್ದ. ಊಟಕ್ಕೂ ಕೂರಲಿಲ್ಲ.

ಮರುದಿನ ಬೆಳಿಗ್ಗೆ ಶಿವಾಜಿನಗರಕ್ಕೆ ಹೋದ. ಅಜ್ಮತ್ ಮನೆ ಮುಂದೆಯೇ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ಕಂಡವನೇ ಎದ್ದು, ಕೈ ಒರೆಸಿಕೊಂಡು ಸ್ಟೂಲು ಹಾಕಿದ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಮುತ್ತುರಾಜನಿಗೆ.

"ತಪ್ಪು ನಂದು ಕಣೋ. ಅವತ್ತು ಸುಳ್ಳು ಹೇಳ್ಬಿಟ್ಟೆ."

"ನನಗೆ ಗೊತ್ತಿರೋದೇ ಅಲ್ವಾ ಸರ್. ಅದನ್ನ ಅಮ್ಮಿಗೆ ಹೇಳಿ."

ಒಳಗೆ ಅವನ ತಾಯಿ ಇಮಾಮ್ ಬೀ ಅಕ್ಕಿ ಆರಿಸುತ್ತಿದ್ದಳು. ಮುತ್ತುರಾಜ ನಿಂತುಕೊಂಡೇ ಎಲ್ಲ ಹೇಳಿದ. ಫೋಟೊ ಅಂಟಿಸಿದ್ದನ್ನೂ ಬಿಡಲಿಲ್ಲ. ಅವಳ ಕೈ ನಿಂತಿತು.

"ಅಲ್ಲಾ ಮೇಲೆ ಆಣೆ ಹಾಕಿ ಹೇಳ್ದ ಇವನು," ಎಂದಳು. "ನಾನು ನಂಬ್ಲಿಲ್ಲ. ಸರ್ ಯಾಕೆ ಸುಳ್ಳು ಹೇಳ್ತಾರೆ ಅಂದೆ. ಒಂದು ವರ್ಷ ಮಗನ ಜೊತೆ ಮಾತು ಬಿಟ್ಟಿದ್ದೆ."

ಮಗನ ಮುಂಗೈ ಹಿಡಿದುಕೊಂಡು ಅವಳು ಅತ್ತಳು. ಮುತ್ತುರಾಜನಿಗೆ ಯಾರೂ ಕೂರು ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

ಸೋಮವಾರ ಅವನು ಪ್ರಾಂಶುಪಾಲರಿಗೆ ನಡೆದದ್ದನ್ನೆಲ್ಲ ಬರೆದುಕೊಟ್ಟ. ಸುಳ್ಳು ಚೀಟಿ ತಂದನೆಂದು ಅಜ್ಮತ್‌ನ ಮೇಲಿದ್ದ ಆರೋಪ ದಾಖಲೆಯಿಂದ ಹೋಯಿತು. ಅವನ ಆಡುವ ವಯಸ್ಸು ಅದಕ್ಕೆ ಮೊದಲೇ ಹೋಗಿತ್ತು. ಮುತ್ತುರಾಜನ ಕೆಲಸವೂ ಹೋಯಿತು. ಹಲಸೂರಿನ ಸಂತೆಯಲ್ಲಿ ಎದುರಾದ ಹಳೆಯ ಆಟಗಾರರು "ಯಾಕೆ ಸರ್ ಬಿಟ್ರಿ?" ಎಂದು ಕೇಳಿದರೆ, "ಬಿಡ್ಲಿಲ್ಲಪ್ಪ, ತೆಗೆದ್ಹಾಕಿದ್ರು. ತೆಗೆಯೋ ಅಂಥ ಕೆಲಸಾನೇ ಮಾಡಿದ್ದೆ," ಎನ್ನುತ್ತಾನೆ.