ಮೂರು ದಿನದ ಉಪವಾಸ ಹೇಳಿದ್ದು

ಆ ಬುಧವಾರ ಬೆಳಿಗ್ಗೆ ಯಾನಿನಾ ಊರಿನ ಸರೋವರದಿಂದ ಎದ್ದ ಮಂಜು ಆಸ್ಪತ್ರೆಯ ಮೂರನೆಯ ಮಹಡಿಯ ಕಿಟಕಿಯವರೆಗೂ ಏರಿ ನಿಂತಿತ್ತು. ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸ ಹಿಡಿದು ಅದು ಮೂರನೆಯ ದಿನ. ಎವಾಂಥಿಯಾ ಶಿಲುಬೆಯ ಗುರುತು ಮಾಡಿಕೊಂಡು, ಕೊರಳಲ್ಲಿ ಸವೆದ ನೀಲಿ ದಾರಕ್ಕೆ ಕಟ್ಟಿದ್ದ, ಮಾದರಿಗಳನ್ನಿಡುವ ಶೀತಕೋಣೆಯ ಕೀಲಿಯನ್ನೊಮ್ಮೆ ಮುಟ್ಟಿ, ಆಪರೇಷನ್ ಕೋಣೆಯ ಬಾಗಿಲಲ್ಲಿ ನಿಂತಳು.

ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ ಒಂದೇ. ಗೆಡ್ಡೆಯಿಂದ ತೆಗೆದ ಚೂರು ಕೈಗೆ ಬಂದೊಡನೆ ಹೊಗೆಯಾಡುವ ದ್ರವ ಸಾರಜನಕದಲ್ಲಿ ಅದ್ದುವುದು. ಗೆಡ್ಡೆ ಏನು ತಿಂದು ಬದುಕುತ್ತಿದೆ ಎಂಬುದು ಆ ಚೂರಿನಲ್ಲಿರುತ್ತದೆ. ತಡಮಾಡಿದರೆ ಅದು ತನ್ನನ್ನೇ ತಿಂದುಕೊಂಡು ಸುಳ್ಳು ಹೇಳತೊಡಗುತ್ತದೆ. ಆಮೇಲೆ ಯಂತ್ರ ನೂರಾರು ಪದಾರ್ಥಗಳನ್ನು ಅಳೆಯುತ್ತದೆ, ನಿಜ. ಆದರೆ ಸತ್ಯವನ್ನು ಹಿಡಿದು ನಿಲ್ಲಿಸುವುದು ಎವಾಂಥಿಯಾಳ ಕೈ.

ಈ ಸಲದ ಚೂರು ಬೆಟ್ಟದ ಹಳ್ಳಿಯ ಖ್ರಿಸಾವ್ಗಿ ಅಜ್ಜಿಯದು. ತೊಡೆಯ ಮಾಂಸದಲ್ಲಿ, ಲಕ್ಷದಲ್ಲಿ ಒಬ್ಬರಿಗೂ ಬಾರದಂಥ ಗೆಡ್ಡೆ. ಎರಡು ಔಷಧ ಸೋತಿದ್ದವು. ಮೂರನೆಯದು ಸಿಗದಿದ್ದರೆ ಕಾಲು ಹೋದಂತೆಯೇ. ಹಿಂದಿನ ಶುಕ್ರವಾರ ಒಂದು ಚೂರು ತೆಗೆದಿದ್ದರು. ಸಾಲದೆಂದು ಇಂದು ಇನ್ನೊಂದು.

ಮರುದಿನ ಮಧ್ಯಾಹ್ನ, ವಿಭಾಗದ ಮುಖ್ಯಸ್ಥ ಡಾಕ್ಟರ್ ಲಾಂಬ್ರೋಸ್ ಎರಡೂ ಫಲಿತಾಂಶದ ಹಾಳೆಗಳನ್ನು ಮೇಜಿನ ಮೇಲೆ ಎಸೆದರು.

"ಒಬ್ಬಳೇ ಅಜ್ಜಿ, ಒಂದೇ ಗೆಡ್ಡೆ. ಶುಕ್ರವಾರ ಧಗಧಗ ಉರೀತಿತ್ತು, ನಿನ್ನೆ ನಿದ್ದೆ ಹೊಡೀತಿತ್ತು. ಚೂರು ಹಿಡ್ಕೊಂಡು ಎಲ್ಲಿ ನಿಂತು ಹರಟೆ ಹೊಡೀತಿದ್ರಿ, ಎವಾಂಥಿಯಾ?"

"ಕೈಗೆ ಬಂದು ಅದ್ದೋಕೆ ಹದಿನೆಂಟು ಸೆಕೆಂಡು, ಡಾಕ್ಟ್ರೇ. ಸೆಕೆಂಡಿಗೊಂದು 'ಕರ್ತನೇ, ಕರುಣಿಸು' ಅಂತ ಎಣಿಸಿದೀನಿ."

"ಓಹೋ, ಇನ್ನು ಗಡಿಯಾರ ಇಳಿಸಿ ಪಾದ್ರಿಗಳನ್ನೇ ಕೂರಿಸೋಣ! ಕೀಲಿ ಇಲ್ಲಿಡಿ. ಕಾಲಿನ ವಿಚಾರ ಸೋಮವಾರ ತೀರ್ಮಾನ ಆಗತ್ತೆ."

ಅವಳು ಕೀಲಿ ಬಿಚ್ಚಿ ಇಟ್ಟಳು. ಕೊರಳು ಬರಿದಾಯಿತು. ಆದರೆ ತನ್ನ ಕೈ ಸುಳ್ಳಾಡಿಲ್ಲವೆಂಬುದು ಅವಳಿಗೆ ದೇವರಾಣೆಗೂ ಗೊತ್ತು. ಹಾಗಾದರೆ ಬದಲಾದದ್ದು ಏನು? ನೇರವಾಗಿ ವಾರ್ಡಿಗೆ ನಡೆದಳು.

ಅಜ್ಜಿ ಹಾಸಿಗೆಯ ಮೇಲೆ ಕೂತು ರೊಟ್ಟಿಗೆ ಎಳ್ಳಿನ ಗೊಜ್ಜು ಸವರುತ್ತಿದ್ದಳು.

"ಬಾ ಮಗಳೇ, ತಿನ್ನು. ಉಪವಾಸಕ್ಕೆ ದೋಷ ಇಲ್ಲ."

"ನಿನ್ನೆ ಏನು ತಿಂದಿದ್ದೆ ಅಜ್ಜಿ?"

"ನಿನ್ನೇನಾ? ಮೊದಲ ಮೂರು ದಿನ ಬಾಯಿಗೆ ಏನಾದ್ರೂ ಹಾಕ್ತಾರೇನೆ? ಸೋಮವಾರದಿಂದ ನಿನ್ನೆ ಸಂಜೆ ಪೂಜೆ ಮುಗಿಯೋವರೆಗೆ ಬರೀ ನೀರು. ನಮ್ಮಮ್ಮನೂ ಹಾಗೇ ಹಿಡೀತಿದ್ಲು."

"ಮತ್ತೆ ತಟ್ಟೆ ಖಾಲಿ ಬಂತು ಅಂತ ನರ್ಸ್ ಬರೆದಿದಾರಲ್ಲ?"

"ಪಕ್ಕದ ಹಾಸಿಗೆಯವಳು ಎರಡೆರಡು ತಟ್ಟೆ ಹೊಡೆದ್ಲು. ನೋಡು, ಹೇಗೆ ಕೆನ್ನೆ ತುಂಬ್ಕೊಂಡಿದಾಳೆ!"

ಎವಾಂಥಿಯಾ ಮರಳಿ ಬಂದು ಎರಡೂ ಹಾಳೆಗಳನ್ನು ಸಾಲುಸಾಲಾಗಿ ಬೆರಳಿಟ್ಟು ಓದಿದಳು. ಹಾಳಾದ ಚೂರಿನಲ್ಲಿ ಎಲ್ಲವೂ ಕಲಸಿಹೋಗುತ್ತದೆ. ಇಲ್ಲಿ ಹಾಗಾಗಿರಲಿಲ್ಲ. ಮಿಕ್ಕವು ಅಷ್ಟಿಷ್ಟು ಇಳಿದಿದ್ದವು. ಒಂದೇ ಒಂದು, ಜೀವಕೋಶ ಬೆಳೆಯಲು ಬೇಕಾದ ಅರ್ಜಿನಿನ್, ತಳ ಕಂಡಿತ್ತು.

"ಅಜ್ಜಿ ಉಪವಾಸ ಇದ್ಲು, ಡಾಕ್ಟ್ರೇ. ಗೆಡ್ಡೆಯೂ ಉಪವಾಸ ಬಿದ್ದಿದೆ. ಬೇರೆಯದನ್ನೆಲ್ಲ ಹೇಗೋ ಹೊಂದಿಸ್ಕೊಂಡಿದೆ. ಅರ್ಜಿನಿನ್ ಮಾತ್ರ ತಾನೇ ಮಾಡ್ಕೊಳ್ಳೋಕೆ ಬರ್ತಿಲ್ಲ. ಅದನ್ನ ಅಜ್ಜಿ ರಕ್ತದಿಂದ ಕದ್ದೇ ತಿನ್ಬೇಕು."

ಲಾಂಬ್ರೋಸ್ ಹಾಳೆಗಳನ್ನು ಎಳೆದುಕೊಂಡು ಆ ಸಾಲನ್ನು ನೋಡಿದರು. ಶುಕ್ರವಾರದ ಚೂರಿನ ಉಳಿಕೆಯನ್ನು ಮತ್ತೆ ಪರೀಕ್ಷೆಗೆ ಕಳಿಸಿದರು. ಅರ್ಜಿನಿನ್ ತಯಾರಿಸುವ ಕಿಣ್ವ ಅದರಲ್ಲಿ ಹೆಸರಿಗೂ ಇರಲಿಲ್ಲ.

"ಹಸಿವಿಂದ ಗೆಡ್ಡೆ ಕರಗಲ್ಲ, ಅಜ್ಜಿಯೇ ಕರಗ್ತಾರೆ," ಎಂದರು ಸೋಮವಾರದ ಸಭೆಯಲ್ಲಿ. "ಆದ್ರೆ ರಕ್ತದಿಂದ ಅರ್ಜಿನಿನ್ ಒಂದನ್ನೇ ತೆಗೆಯೋ ಔಷಧ ಪ್ರಯೋಗದಲ್ಲಿದೆ. ಕಾಲು ಈಗ ಕತ್ತರಿಸೋದು ಬೇಡ."

ಕೀಲಿಯ ಮಾತನ್ನು ಅವರು ಎತ್ತಲಿಲ್ಲ, ಅವಳು ಕೇಳಲಿಲ್ಲ. ದಿನವೂ ಕಾವಲುಗಾರನಿಂದ ಬಾಗಿಲು ತೆಗೆಸಿಕೊಂಡು, ತಲೆಯೆತ್ತಿ ಒಳಹೋಗುತ್ತಿದ್ದಳು.

ಅಜ್ಜಿಗೆ ಆ ಔಷಧ ಶುರುವಾದ ಮೇಲೆ, ಈಸ್ಟರಿನ ಹಿಂದಿನ ಗುರುವಾರ ಸ್ಕ್ಯಾನ್ ಬಂತು. ಗೆಡ್ಡೆ ಮೂರರಲ್ಲೊಂದು ಪಾಲು ಕುಗ್ಗಿತ್ತು. ಖ್ರಿಸಾವ್ಗಿ ಅಜ್ಜಿ ಲಿಫ್ಟ್ ಬೇಡವೆಂದು ಮೂರು ಮಹಡಿ ಹತ್ತಿ ಪ್ರಯೋಗಾಲಯಕ್ಕೆ ಬಂದಳು.

"ನನ್ನ ಕಾಲು ತೋರ್ಸೋಕೆ ಬಂದಿಲ್ಲ ಕಣೇ. ನಿನ್ನ ಕೈ ನೋಡೋಕೆ ಬಂದೆ," ಎಂದು ಎವಾಂಥಿಯಾಳ ಬಲಗೈ ಹಿಡಿದು, ತಿರುಗಿಸಿ ನೋಡಿ, ಮುತ್ತಿಟ್ಟಳು.

ಬಾಗಿಲಲ್ಲಿ ಲಾಂಬ್ರೋಸ್ ನಿಂತಿದ್ದರು. ಅಜ್ಜಿ ಬಿಟ್ಟ ಅದೇ ಕೈಯಲ್ಲಿ ಶೀತಕೋಣೆಯ ಕೀಲಿಯನ್ನಿಟ್ಟು ಹೊರಟುಹೋದರು. ಸವೆದಿದ್ದ ನೀಲಿ ದಾರದ ಜಾಗದಲ್ಲಿ ಹೊಸ ದಾರವಿತ್ತು.