ಮಾವನ ಕಾಲಕ್ಕಿಲ್ಲದ ಲೇಸರ್

ಮೈಸೂರಿನ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದರು. "ಹೋಗಿರೋ ದೃಷ್ಟಿ ಲೇಸರಿನಿಂದ ವಾಪಸ್ ಬರಲ್ಲ ತಾಯಿ. ಇರೋದನ್ನ ಉಳಿಸ್ಕೊಳ್ಳೋಕೆ ಮಾತ್ರ. ಅಂಚಿನ ನೋಟ ಒಂಚೂರು ಮಂಕಾಗಬಹುದು. ಮಬ್ಬಿನಲ್ಲಿ ನಡೆಯೋದು ಕಷ್ಟ ಆಗಬಹುದು."

ಕೆರಗೋಡಿನ ಮರಿತಾಯಮ್ಮನಿಗೆ ಆಗ ಅರವತ್ತೇಳು. ಸಕ್ಕರೆ ಕಾಯಿಲೆ ಹಿಡಿದು ಹದಿನೈದು ವರ್ಷ. ಎಡಗಣ್ಣಿನಲ್ಲಿ ಜೇಡರ ಬಲೆಯಂಥದ್ದೇನೋ ತೇಲತೊಡಗಿದ ದಿನವೇ ಅವಳಿಗೆ ಮಾವ ಪುಟ್ಟಮಾದಯ್ಯ ನೆನಪಾಗಿದ್ದ. ಅವನೂ ಹೀಗೇ ಕಣ್ಣ ಮುಂದಿನ ಬಲೆಯನ್ನು ಕೈಯಿಂದ ಸರಿಸಲು ನೋಡುತ್ತಿದ್ದ.

ಅದು ನಲವತ್ತಮೂರನೇ ಇಸವಿ, ಅವಳು ಮದುವೆಯಾಗಿ ಬಂದ ವರ್ಷ. ಸುತ್ತಲ ಊರಿನಲ್ಲಿ ಯಾರು ಆಲೆಮನೆ ಹೂಡಿದರೂ ಬೆಲ್ಲದ ಪಾಕ ನೋಡುವುದಕ್ಕೆ ಪುಟ್ಟಮಾದಯ್ಯನೇ ಬೇಕು. ಕೊಪ್ಪರಿಗೆಯ ನೊರೆ ನೋಡಿಯೇ ಇಳಿಸುವ ಹೊತ್ತು ಹೇಳುತ್ತಿದ್ದ. ಆ ಸುಗ್ಗಿಯಲ್ಲಿ ಎರಡು ಸಲ ಪಾಕ ಸೀದುಹೋಯಿತು. ಆಸ್ಪತ್ರೆಗೆ ಹೋದರೆ, ಸಿಹಿಮೂತ್ರದ ರೋಗದಿಂದ ಕಣ್ಣಿನೊಳಗೆ ರಕ್ತ ಒಸರಿದೆ, ಇದಕ್ಕೆ ಮದ್ದಿಲ್ಲ ಅಂದರಂತೆ.

ಒಂದು ಬೆಳಿಗ್ಗೆ ಅವನು ಅಡುಗೆಮನೆ ಬಾಗಿಲಿಗೆ ಬಂದು ಸೊಸೆಯನ್ನು ಕರೆದ. "ಅವ್ವಾ, ಆಲೆಮನೆಗೆ ಬಾ. ನೊರೆ ಬಣ್ಣ ಎಂಗದೆ ಅಂತ ನೀನು ಏಳು, ಮಿಕ್ಕಿದ್ದು ನಾನು ನೋಡ್ಕತೀನಿ."

ಅತ್ತೆ ಚಿಕ್ಕಮಾದಮ್ಮ ಸಿಡಿದಳು. "ಗಂಡಸ್ರ ನಡುವೆ ಒಸ ಸೊಸೆನ ನಿಲ್ಸೀಯಾ? ಜನ ಏನಂದಾರು?"

"ಅಂದ್ಕಳ್ಳಿ ಬುಡು. ಓಗಿರೋದು ನನ್ ಕಣ್ಣು, ಜನರ ಬಾಯಲ್ಲ."

ಹದಿನೇಳರ ಮರಿತಾಯಮ್ಮ ಸೆರಗು ಮುಂದಕ್ಕೆಳೆದುಕೊಂಡು ಕೊಪ್ಪರಿಗೆಯ ಪಕ್ಕ ನಿಂತಳು. ಮೊದಮೊದಲು ಮಾವನ ಕಿವಿಗಷ್ಟೇ ಕೇಳುವಂತೆ ಪಿಸುಗುಟ್ಟಿದಳು. ಆಮೇಲಾಮೇಲೆ, "ಈಗ ಅರಿಸಿನ ಬಣ್ಣ ಮಾವ", "ಈಗ ಜೇನಿನಂಗೆ ಆಯ್ತು" ಎಂದು ಗಟ್ಟಿಯಾಗಿಯೇ ಹೇಳತೊಡಗಿದಳು. ಅವನು ಪಾಕದ ಹನಿಯನ್ನು ನೀರಿಗೆ ಬಿಡಿಸಿ, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, "ಇಳಸ್ರಲಾ!" ಎಂದು ಕೂಗುತ್ತಿದ್ದ. ಬಿಸಿ ಬೆಲ್ಲದ ಮೊದಲ ತುಣುಕು ಅವಳ ಅಂಗೈಗೆ. ನಲವತ್ತೇಳರ ಹೊತ್ತಿಗೆ ಅವನಿಗೆ ಒಲೆಯ ಉರಿಯೂ ಕಾಣದಾಯಿತು. ಆದರೂ ಜನ ಇಬ್ಬರನ್ನೂ ಒಟ್ಟಿಗೇ ಕರೆಯುತ್ತಿದ್ದರು. ಒಲೆಗೆ ಹಾಕಿದ ಕಬ್ಬಿನ ಸಿಪ್ಪೆಯ, ರಚ್ಚಿನ ಹೊಗೆ, ಕಬ್ಬಿನ ಹಾಲಿನ ಕಂಪು, ಹೆಗಲ ಮೇಲೆ ಮಾವನ ಕೈಭಾರ. ಅಷ್ಟು ಸುಖದ ದಿನಗಳು ಆಮೇಲೆ ಬರಲಿಲ್ಲ ಎಂದೇ ಅವಳಿಗೆ ಅನ್ನಿಸುತ್ತಿತ್ತು.

ಈಗ ಕಣ್ಣಾಸ್ಪತ್ರೆಯಲ್ಲಿ ಲೇಸರ್ ಯಂತ್ರಕ್ಕೆ ಗದ್ದ ಊರಿ ಕೂತಾಗ ಹಸಿರು ಮಿಂಚು ನೂರಾರು ಸಲ ಹೊಡೆಯಿತು. ಕಣ್ಣಾಳದಲ್ಲಿ ಚಳಕು. ಮುಗಿದಾಗ ಎದುರಿಗೆಲ್ಲ ಕಪ್ಪು.

"ಇದ್ದದ್ದೂ ಓಯ್ತಾ ಡಾಕ್ಟ್ರಮ್ಮ?"

"ಇಲ್ಲ ತಾಯಿ, ಜೋರು ಬೆಳಕು ನೋಡಿದ್ದಕ್ಕೆ ಹಾಗೆ. ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತೆ."

ಮರಿತಾಯಮ್ಮ ಕೇಳಿದಳು. "ನಲವತ್ಮೂರ್ನೇ ಇಸ್ವೀಲಿ ನಮ್ಮಾವುಂಗೂ ಇಂಗೇ ಆಗಿತ್ತು. ಆಗ ಇದು ಸಿಕ್ಕಿದ್ರೆ?"

"ಅವಾಗ ಇದು ಎಲ್ಲೂ ಇರಲಿಲ್ಲ. ಇದ್ದಿದ್ದರೆ, ಬೇಗ ಬಂದಿದ್ದರೆ, ಒಂದಿಷ್ಟು ಉಳೀತಿತ್ತೇನೋ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇನ್ನೂ ಮೂರು ಸಲ ಹೋಗಿ ಬಂದಳು. ಪಕ್ಕದಿಂದ ಬರುವ ಎಮ್ಮೆ ಈಗ ಹತ್ತಿರವಾಗುವ ತನಕ ಕಾಣುವುದಿಲ್ಲ, ಹೊತ್ತು ಮುಳುಗಿದರೆ ಹೊಸಿಲು ಎಡವುತ್ತಾಳೆ. ನೇರ ನೋಟ ಮಾತ್ರ ಇನ್ನಷ್ಟು ಕೆಡದೆ ನಿಂತಿತು.

ಪಕ್ಕದ ಮನೆಯ ಚಿಕ್ಕಬೋರಮ್ಮನಿಗೂ ಅದೇ ಕಾಯಿಲೆ. "ನಂಗೂ ಲೇಸರ್ ಆಕುಸ್ಕೋ ಅಂದವ್ರೆ ಕಣಕ್ಕ. ಕಣ್ಣು ಸರಿಯಾಯ್ತದಾ?"

"ಮೊದಲಿನಂಗೆ ಆಗಕಿಲ್ಲ ಕಣಮ್ಮಿ. ಮುಸ್ಸಂಜೆಲಿ ಗೋಡೆ ಇಡ್ಕಂಡು ನಡೀತೀನಿ. ಆದ್ರೆ ನಿನ್ ಮೊಕ ಕಾಣ್ತದೆ. ನಾಳೆ ಬೆಳಿಗ್ಗೆ ಬಸ್ಸಿಗೆ ನಾನೂ ಬತ್ತೀನಿ, ನಡಿ."